ಕಾಕಾ ಮುಚ್ಚಿಸಿದ ತೂತು

ಕಳೆದ ವಾರ ಶೆಡ್ಡಿನಲ್ಲಿ, ಕಬ್ಬಿಣಕ್ಕೆ ಮೊದಲು ಬಳಿಯುವ ರೆಡ್ ಆಕ್ಸೈಡಿನ ಡಬ್ಬಿಯೊಂದರ ಮುಚ್ಚಳ ಎಬ್ಬಿಸುತ್ತಿದ್ದೆ. ಎಣ್ಣೆ, ಥಿನ್ನರು, ಒದ್ದೆ ಇಟ್ಟಂಗಿ ಮೂರೂ ಕೂಡಿದಂಥ ಆ ವಾಸನೆ ಇಪ್ಪತ್ತೈದು ವರ್ಷಗಳಿಂದ ನನ್ನ ಅಂಗಿಯಲ್ಲೇ ಇದೆ. ಹಾಗೆ ನೋಡಿದರೆ ಅದು ನನಗೆ ಏನನ್ನೂ ನೆನಪಿಸಬಾರದು. ಆದರೆ ಅವತ್ತು ಮಳೆ ಸುರಿದು ನಿಂತಿತ್ತು, ಗಾಳಿ ಇರಲಿಲ್ಲ, ವಾಸನೆ ಡಬ್ಬಿಯ ಬಾಯಲ್ಲೇ ಗಟ್ಟಿಯಾಗಿ ಕೂತಿತ್ತು. ಎದುರು ಮನೆಯ ಕಾಕಾ ನೆನಪಾದರು. ಶೆಡ್ಡಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಮೂಗಿಗೆ ಬಿಳಿ ಕರವಸ್ತ್ರ ಒತ್ತಿಕೊಂಡು, ಹೋಗಿ ಬರುವವರಿಗೆಲ್ಲ ತಮ್ಮ ಜೀಪಿನ ವೈಭವ ಹೇಳುತ್ತಿದ್ದ ಕಾಕಾ...

ಕಾಕಾ ಎನ್ನುತ್ತೇನೆ, ನೆನಪಾದರು ಎಂದು ಬಹುವಚನವನ್ನೂ ಹಚ್ಚುತ್ತೇನೆ. ಅದು ನಾಲಿಗೆಯ ರೂಢಿ. ಮರ್ಯಾದೆ ಏನೂ ಉಳಿದಿಲ್ಲ.

ಇಚಲಕರಂಜಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಹದಿನೈದು ಅಡಿಯ ಓಣಿ. ಅರಿವೆಯ ವ್ಯಾಪಾರ ಮಾಡಿ, ಅರವತ್ತು ತುಂಬಿದ ಮೇಲೆ ಅಂಗಡಿ ಬಿಟ್ಟುಕೊಟ್ಟು ಕೂತಿದ್ದರು. ಹೆಂಡತಿ ಬೇಗ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಗಡಹಿಂಗ್ಲಜದಲ್ಲಿ ದನದ ಡಾಕ್ಟರ್. ಕಾಕಾರ ಅಂಗಿ ಯಾವಾಗಲೂ ಇಸ್ತ್ರಿಯದು, ಹಣೆಯ ವಿಭೂತಿ ಅಳತೆಪಟ್ಟಿ ಹಿಡಿದು ಎಳೆದಂಥದ್ದು. ಮನೆಯ ಮುಂದಿನ ಗೋಡೆಗೆ ಪ್ರತಿ ದೀಪಾವಳಿಗೂ ಹೊಸ ಬಣ್ಣ ಬೀಳುತ್ತಿತ್ತು. ಹಿಂದಿನ ಗೋಡೆಗೆ ಗಿಲಾವು ಕೂಡ ಇರಲಿಲ್ಲ. ಇಟ್ಟಂಗಿಯ ಸಂದಿಯಲ್ಲಿ ಅರಳಿ ಗಿಡ ಹುಟ್ಟಿ ಮೊಣಕಾಲೆತ್ತರ ಬೆಳೆದಿತ್ತು. ಅದನ್ನು ಕೀಳಿಸಿರಿ, ಗೋಡೆ ಬಿರಿಯುತ್ತದೆ ಎಂದು ನಾನು ಒಮ್ಮೆ ಹೇಳಿದ್ದಕ್ಕೆ, ಆ ಕಡೆ ಯಾರು ಬರುತ್ತಾರೆ ಎಂದು ನಕ್ಕಿದ್ದರು. ಮನುಷ್ಯ ಪೂರ್ತಿ ಅಷ್ಟೇ. ಸಾಹೇಬರು ಯಾರಾದರೂ ಸಿಕ್ಕರೆ ಕಾಕಾರ ಬಾಯಿಗೆ ಪುಣೆಯ ಮರಾಠಿ ಬರುತ್ತಿತ್ತು. ಸಾಹೇಬರು ಓಣಿ ದಾಟಿದ ಮೇಲೆ ಅದೇ ಬಾಯಿಂದ ಅವರಿಗೆ ಬೈಗುಳ.

ಇಷ್ಟೆಲ್ಲ ತಿಳಿದೂ ನಾನು ಅವರೊಡನೆ ದಿನಾ ಸಂಜೆ ಚಹಾ ಕುಡಿಯುತ್ತಿದ್ದೆ. ಅದನ್ನೂ ಹೇಳಿಬಿಡಬೇಕು. ಯಡ್ರಾವದಲ್ಲಿ ನನ್ನದೊಂದು ಶೆಡ್ಡಿದೆ. ಮಗ್ಗದ ಚೌಕಟ್ಟು, ಗೇಟು, ಟ್ರ್ಯಾಲಿ ಏನೇ ಬಂದರೂ ಗಾಳಿಯ ಒತ್ತಡದಲ್ಲಿ ಮರಳು ಬಡಿದು ತುಕ್ಕು ತೆಗೆದು ಬಣ್ಣ ಹೊಡೆಯುವುದು ನಮ್ಮ ಕೆಲಸ. ಐದು ಗಂಟೆಗೆ ಕಾಕಾರ ಸ್ಕೂಟರ್ ಬರುತ್ತಿತ್ತು. ಪೇಟೆಯ ಸುದ್ದಿ, ಯಾರ ಮನೆಯ ಜಗಳ, ಯಾವ ವ್ಯಾಪಾರಿ ಹೇಗೆ ನಡೆಯುತ್ತಾನೆ ಎಂಬುದನ್ನು ಎದ್ದು ನಡೆದು ತೋರಿಸುವುದು... ಸುಳ್ಳಾಡುವವರ ಮಾತಿಗೆ ಒಂದು ರುಚಿ ಇರುತ್ತದೆ. ನನಗೆ ಆ ರುಚಿ ಹತ್ತಿತ್ತು.

ಜೀಪು ಅವರ ತಂದೆಯದು, ಕುರುಂದವಾಡದ ಹಳೆಯ ಮನೆಯಲ್ಲಿತ್ತು. ಕೃಷ್ಣೆ ಊರೊಳಗೆ ಬಂದ ವರ್ಷ ಅದು ಎಂಟು ದಿನ ನೀರಲ್ಲಿ ಮುಳುಗಿತ್ತು. ನೀರು ಇಳಿದ ಮೇಲೂ ತಿಂಗಳುಗಟ್ಟಲೆ ಅದರ ಕಡೆ ಯಾರೂ ನೋಡಲಿಲ್ಲ. ಮರುವರ್ಷ ಬೇಸಿಗೆಯಲ್ಲಿ ಕಾಕಾರಿಗೆ ಏನು ಹೊಳೆಯಿತೋ, ಅದನ್ನು ಹೊಸದು ಮಾಡಿ ಮಗಳಿಗೆ ಕೊಡುತ್ತೇನೆ ಎಂದು ಸಾರಿಬಿಟ್ಟರು. ಅಜ್ಜನ ಜೀಪಿನಲ್ಲಿ ಮೊಮ್ಮಗಳು ಹಳ್ಳಿ ಹಳ್ಳಿ ತಿರುಗಿ ದನಗಳಿಗೆ ಔಷಧ ಮಾಡುತ್ತಾಳೆ ಎಂಬ ಮಾತನ್ನು ಮದುವೆ ಮನೆಗಳಲ್ಲಿ, ಮಠದಲ್ಲಿ, ಕ್ಷೌರದ ಅಂಗಡಿಯಲ್ಲಿ ಹೇಳಿ ಹೇಳಿ ಸವೆಸಿದರು. ಖಂಡೇನವಮಿಗೆ ಆಯುಧಪೂಜೆ ಮಾಡಿ ಕೀಲಿ ಅವಳ ಕೈಗೆ ಕೊಡುವುದು ಎಂದು ದಿನವನ್ನೂ ಗೊತ್ತು ಮಾಡಿದರು. ಇಂಜಿನ್ ಕೆಲಸ ಕೊಲ್ಲಾಪುರದ ಮಿಸ್ತ್ರಿಯದು, ಮೇಲಿನ ತಗಡಿನ ಕೆಲಸ ಇನ್ನೊಬ್ಬನದು. ಚಾಸಿ, ಅಂದರೆ ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು, ನನ್ನ ಶೆಡ್ಡಿಗೆ ಬಂತು.

ಚಾಸಿಗೆ ಬಣ್ಣ ಹೊಡೆಯುವುದು ಮೇಲಿನ ಬಣ್ಣದಂತಲ್ಲ. ಮೇಲಿನದನ್ನು ಜನ ನೋಡುತ್ತಾರೆ, ಚಾಸಿ ಗಾಡಿಯನ್ನು ಹೊರುತ್ತದೆ. ಮೊದಲು ಮರಳು ಬಡಿದು ಬೆಳ್ಳಗಿನ ಕಬ್ಬಿಣ ಕಾಣಿಸಬೇಕು. ಮಳೆಗಾಲದಲ್ಲಾದರೆ ಅದೇ ದಿನ ಥಿನ್ನರಿನಿಂದ ಒರೆಸಿ ರೆಡ್ ಆಕ್ಸೈಡ್ ಕೊಡಬೇಕು, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಮತ್ತೆ ಕೆಂಪು ಪುಡಿ ಏಳುತ್ತದೆ. ಅದು ಒಣಗಿದ ಮೇಲೆ ಇನ್ನೊಂದು ಕೈ, ಆಮೇಲೆ ಕರಿ ಬಣ್ಣ ಎರಡು ಕೈ. ಇದೆಲ್ಲ ಹೊರಗಿನ ಮಾತು. ಚಾಸಿಯಲ್ಲಿ ಡಬ್ಬಿಯಂತೆ ಮುಚ್ಚಿದ ಭಾಗಗಳಿರುತ್ತವೆ. ನೀರು ಬಸಿಯುವ ತೂತುಗಳನ್ನು ಬಿಡಿಸಿ, ಒಳಗಿನ ಕೆಸರು ತೊಳೆದು, ಪೂರ್ತಿ ಒಣಗಿಸಿ, ಸಣ್ಣ ನಳಿಗೆ ಹಾಕಿ ಒಳಗೋಡೆಗೆಲ್ಲ ಮೇಣ ಬೆರೆಸಿದ ಎಣ್ಣೆ ಹಾರಿಸಬೇಕು. ಹೊಳೆಯ ನೀರು ಕುಡಿದ ಗಾಡಿಗೆ ಒಳಗಿನಿಂದಲೇ ಜಂಗು ಹಿಡಿಯುವುದು. ಇದನ್ನೆಲ್ಲ ಕಾಕಾರಿಗೆ ನಾನು ಹೇಳಿದೆ. ಅವರು ಮೂಗಿನ ಮೇಲಿನ ಕರವಸ್ತ್ರ ತೆಗೆಯದೆ ತಲೆ ಆಡಿಸಿದರು. ಮರುದಿನ ಅದೇ ಮಾತುಗಳನ್ನು ತಮ್ಮ ಸಂಶೋಧನೆ ಎಂಬಂತೆ ಪಕ್ಕದ ಕಾರ್ಖಾನೆಯ ಮಾಲಕರಿಗೆ ವಿವರಿಸುತ್ತಿದ್ದುದನ್ನು ಕೇಳಿಸಿಕೊಂಡೆ.

ಹಬ್ಬಕ್ಕೆ ಇನ್ನು ಹತ್ತು ದಿನವಿತ್ತು. ಬಲಗಡೆ ಹಿಂದಿನ ಪಾಟಾ, ಗಾಡಿಯ ಭಾರ ಹೊರುವ ಪಟ್ಟಿ ಸ್ಪ್ರಿಂಗು, ಚಾಸಿಗೆ ಕೂಡುವ ಜಾಗಕ್ಕೆ ನಾನೇ ಮರಳು ಬಡಿಯುತ್ತಿದ್ದೆ. ಹಳೆ ಬಣ್ಣ ಹಾರಿತು. ಅದರ ಹಿಂದೆಯೇ ಕಬ್ಬಿಣವೂ ಹಾರಿತು. ಹೆಸರುಕಾಳಿನಷ್ಟು ತೂತು. ಗಾಳಿ ನಿಲ್ಲಿಸಿ ಒಂದು ಸ್ಕ್ರೂಡ್ರೈವರ್ ಒತ್ತಿದೆ, ಹಿಡಿಕೆಯ ತನಕ ಇಳಿಯಿತು. ಹೊರಗೆಳೆದಾಗ ಕೃಷ್ಣೆಯ ಕೆಸರು ಒಣ ಪುಡಿಯಾಗಿ ಸುರಿಯಿತು. ಸುತ್ತಲೂ ಬೆರಳಿಂದ ಒತ್ತಿ ನೋಡಿದೆ. ಅಂಗೈ ಅಗಲದಷ್ಟು ಜಾಗ ಹಪ್ಪಳವಾಗಿತ್ತು.

ಸಂಜೆ ಕಾಕಾರನ್ನು ಕರೆದು ತೋರಿಸಿದೆ. ಅವರ ಬೆರಳನ್ನೇ ಹಿಡಿದು ತೂತಿನಲ್ಲಿ ಇಟ್ಟೆ. ಆ ಭಾಗ ಕತ್ತರಿಸಿ, ದಪ್ಪ ಪ್ಲೇಟ್ ಕೂಡಿಸಿ ವೆಲ್ಡಿಂಗ್ ಮಾಡಿಸಬೇಕು, ಕೊಲ್ಲಾಪುರದಲ್ಲಿ ಚಾಸಿಯ ಕೆಲಸ ಬಲ್ಲವರಿದ್ದಾರೆ, ಮೂರು ವಾರ ಹಿಡಿಯುತ್ತದೆ ಎಂದೆ. ಕಾಕಾ ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡರು.

"ತಮ್ಮಾ, ಹಬ್ಬಕ್ಕ ಕೀಲಿ ಕೊಡ್ತೇನಂತ ಊರಿಗೆಲ್ಲಾ ಹೇಳೇನಿ. ಸದ್ಯಕ್ಕ ಮುಚ್ಚಿಬಿಡು. ಕೆಳಗ ಬಗ್ಗಿ ಯಾರ್ ನೋಡ್ತಾರ?"

ಆಗುವುದಿಲ್ಲ ಎಂದೆ. ಹಬ್ಬಕ್ಕೆ ಗಾಡಿ ಇಲ್ಲದಿದ್ದರೆ ಕೀಲಿಯನ್ನಷ್ಟೇ ಪೂಜೆ ಮಾಡಿ ಎಂದೂ ಅಂದೆ. ಅವರು ನಕ್ಕರು, ಚಹಾ ಕುಡಿದರು, ಹೊರಟುಹೋದರು. ಒಪ್ಪಿದರು ಎಂದುಕೊಂಡೆ.

ಮರುದಿನ ಉದಗಾಂವದಲ್ಲಿ ನನ್ನ ಹೆಂಡತಿಯ ಅಣ್ಣ ತೀರಿಕೊಂಡ ಸುದ್ದಿ ಬಂತು. ಮೂರು ದಿನ ಅಲ್ಲೇ ಇದ್ದೆ. ತಿರುಗಿ ಬಂದು ನೋಡಿದರೆ ಚಾಸಿ ಕರ್ರಗೆ ಹೊಳೆಯುತ್ತ ನಿಂತಿತ್ತು. ನಿಮ್ಮ ಮಾಲಕರು ಫೋನಿನಲ್ಲಿ ಹೇಳಿದ್ದಾರೆ ಎಂದು ಕಾಕಾ ನನ್ನ ಕೆಲಸಗಾರರಿಗೆ ಹೇಳಿ, ಆ ತೂತಿಗೆ ಫೈಬರ್ ಬಟ್ಟೆ ತುರುಕಿಸಿ, ಪುಟ್ಟಿ ಮೆತ್ತಿಸಿ, ಮೇಲೆ ಡಾಂಬರಿನಂಥ ದಪ್ಪ ಕರಿ ಬಣ್ಣ ಎಳೆಸಿದ್ದರು. ಸಾವಿನ ಮನೆಯಲ್ಲಿ ಕೂತವನಿಗೆ ಫೋನು ಮಾಡಿ ಯಾರೂ ಕೇಳಲಾರರು ಎಂಬ ಲೆಕ್ಕ. ಕೆಲಸಗಾರರ ತಪ್ಪಿಲ್ಲ, ದಿನಾ ನನ್ನ ಪಕ್ಕ ಕೂತು ಚಹಾ ಕುಡಿಯುವ ಹಿರಿಯರ ಮಾತನ್ನು ಅವರು ಯಾಕೆ ಅನುಮಾನಿಸಬೇಕು? ಚಾಸಿಯನ್ನು ಒಯ್ಯಲು ಟ್ರಕ್ಕೂ ಬಂದು ನಿಂತಿತ್ತು. ನಾನು ಕೂಗಾಡಿದೆ. ಕಾಕಾ ನನ್ನ ಹೆಗಲ ಮೇಲೆ ಕೈ ಹಾಕಿ ಆಚೆ ಕರೆದೊಯ್ದು, ಹಬ್ಬ ಮುಗಿದ ಹದಿನೈದು ದಿನಕ್ಕೆ ಗಾಡಿ ತಿರುಗಿ ತರಿಸಿ ವೆಲ್ಡಿಂಗ್ ಮಾಡಿಸುತ್ತೇನೆ ಎಂದು ಕೊರಳ ಲಿಂಗ ಮುಟ್ಟಿ ಹೇಳಿದರು.

ಖಂಡೇನವಮಿಯ ಬೆಳಿಗ್ಗೆ ಓಣಿ ತುಂಬ ಜನ. ಹಸಿರು ಜೀಪು, ಚೆಂಡುಹೂವಿನ ಮಾಲೆ, ಗಾಲಿಗೆ ಲಿಂಬೆಹಣ್ಣು. ಮಗಳು ಬಂದಿದ್ದಳು. ಅವಳು ಚಿಕ್ಕವಳಿದ್ದಾಗಿನಿಂದ ನನ್ನನ್ನು ಅಣ್ಣಾ ಎನ್ನುತ್ತಿದ್ದಳು. ಕೀಲಿ ಹಿಡಿದುಕೊಂಡು ಗಾಡಿಯನ್ನು ಒಂದು ಸುತ್ತು ಹಾಕಿ ನೇರ ನನ್ನ ಹತ್ತಿರ ಬಂದಳು.

"ಅಣ್ಣಾ, ಕೆಳಗ ಎಲ್ಲಾ ಗಟ್ಟಿ ಐತಲ್ಲಾ? ನಮ್ಮ ಕಡೆ ಗುಡ್ಡದ ರಸ್ತಾ ಅದಾವು."

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಆಚೆಯಿಂದ ಉತ್ತರ ಕೊಟ್ಟರು. ಹೊಸ ಗಾಡಿಗಿಂತ ಗಟ್ಟಿ ಇದೆ, ನಿಮ್ಮಣ್ಣ ಸ್ವತಃ ನಿಂತು ಮಾಡಿಸಿದ್ದಾನೆ ಎಂದರು. ಜನ ನನ್ನ ಕಡೆ ಮೆಚ್ಚಿ ನೋಡಿದರು. ನನ್ನ ಬಾಯಲ್ಲಿ ಪೇಢೆ ಇತ್ತು. ನುಂಗಿದೆ. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಹದಿನೈದು ದಿನದ ಮಾತಲ್ಲವೇ, ಹಬ್ಬದ ದಿನ ಯಾಕೆ ಅಪಶಕುನ... ಇಂಥ ಕಾರಣಗಳು ಹೇಡಿಗೆ ಬೇಕಾದಷ್ಟು ಸಿಗುತ್ತವೆ.

ಹದಿನೈದು ದಿನ ಆಯಿತು, ತಿಂಗಳಾಯಿತು. ಎರಡು ಸಲ ನೆನಪಿಸಿದೆ. ಅವಳಿಗೆ ಬಿಡುವಾದಾಗ ತರುತ್ತಾಳೆ ಎಂದರು ಕಾಕಾ. ಅವಳಿಗೆ ಅವರು ಹೇಳಿಯೇ ಇರಲಿಲ್ಲ. ಅವಳ ನಂಬರು ನನ್ನ ಫೋನಿನಲ್ಲೂ ಇತ್ತು.

ಮಾಘ ಮಾಸದಲ್ಲಿ, ಒಂದು ಬೆಳಿಗ್ಗೆ, ಗಡಹಿಂಗ್ಲಜದ ಆಚೆಯ ಹಳ್ಳಿಯೊಂದರಲ್ಲಿ ಎಮ್ಮೆಯ ಕಷ್ಟದ ಹೆರಿಗೆ ಮಾಡಿಸಿ ಮಗಳು ತಿರುಗಿ ಬರುತ್ತಿದ್ದಳು. ಇಳಿಜಾರಿನ ತಿರುವಿನಲ್ಲಿ ಬಲಗಡೆ ಹಿಂದಿನ ಪಾಟಾ ಚಾಸಿಯಿಂದ ಕಿತ್ತುಕೊಂಡಿತು. ಜೀಪು ವಾಲಿ, ರಸ್ತೆ ಬಿಟ್ಟು, ಕಾಲುವೆಗೆ ಬಿತ್ತು. ಜೀವ ಉಳಿಯಿತು. ಬಲ ಮೊಣಕೈ ಬಾಗಿಲಿನ ಕಬ್ಬಿಣದ ಕೆಳಗೆ ಸಿಕ್ಕು ನುಚ್ಚಾಯಿತು. ಬಲಗೈ... ದನದ ಡಾಕ್ಟರಿಗೆ ಬಲಗೈ ಎಂದರೆ ಏನೆಂದು ನಾನು ಬಿಡಿಸಿ ಹೇಳಬೇಕಿಲ್ಲ. ತಿರುಗಿ ನಿಂತ ಕರುವನ್ನು ಹೆಗಲ ತನಕ ಕೈ ಹಾಕಿ ಸರಿ ಮಾಡಿ ಎಳೆಯುವ ಕೈ ಅದು.

ನಾನು ಮೊದಲು ಗಡಹಿಂಗ್ಲಜಕ್ಕೆ ಹೋದೆ. ಜೀಪನ್ನು ಒಂದು ಗ್ಯಾರೇಜಿನ ಬಯಲಲ್ಲಿ ಎಳೆದು ಹಾಕಿದ್ದರು. ಕೆಳಗೆ ಬಗ್ಗಿ ನೋಡಿದೆ. ಕರಿ ಬಣ್ಣ ಸುಲಿದ ಚರ್ಮದಂತೆ ಜೋತಾಡುತ್ತಿತ್ತು. ಅದರ ಹಿಂದೆ ಬಿಳಿ ಪುಟ್ಟಿ, ಅದರೊಳಗೆ ಬಟ್ಟೆಯ ಎಳೆ. ಅಂಗೈ ಅಗಲದ ಒಂದು ತುಂಡು ಸಲೀಸಾಗಿ ಕೈಗೆ ಬಂತು. ಜೇಬಿಗೆ ಹಾಕಿಕೊಂಡು ಕೊಲ್ಲಾಪುರದ ಆಸ್ಪತ್ರೆಗೆ ಬಸ್ಸು ಹತ್ತಿದೆ.

ಅಪಘಾತವಾಗಿ ಮೂರನೆಯ ದಿನ. ಕೋಣೆಯಲ್ಲಿ ನೆಂಟರು ಒಬ್ಬಿಬ್ಬರಿದ್ದರು. ಕಾಕಾ ಅಲ್ಲೂ ಇಸ್ತ್ರಿ ಅಂಗಿಯಲ್ಲೇ ಕೂತು, ನಡೆದದ್ದನ್ನು ವರ್ಣಿಸುತ್ತಿದ್ದರು. ಇವಳ ಕೈ ಭಾಳ ಜೋರು, ಗಾಡಿ ನಿಧಾನ ಹೊಡೆ ಎಂದರೆ ಕೇಳುವುದಿಲ್ಲ, ಹೆಣ್ಣುಮಕ್ಕಳಿಗೆ ಗುಡ್ಡದ ರಸ್ತೆಯ ಅಂದಾಜು ಬರುವುದಿಲ್ಲ ಎನ್ನುತ್ತಿದ್ದರು. ಮಗಳು ಮಲಗಿದಲ್ಲೇ ಕೇಳಿಸಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಅಳತೊಡಗಿದಳು.

"ನಂದ ತಪ್ಪಣ್ಣಾ. ರಸ್ತಾದಾಗಿನ ಕುಣಿ ಕಾಣಲಿಲ್ಲ ನನಗ."

ನಾನು ಬದುಕಿನಲ್ಲಿ ಬಹಳ ಜನ ನೀಚರನ್ನು ನೋಡಿದ್ದೇನೆ. ಬಣ್ಣಕ್ಕೆ ಸೀಮೆಎಣ್ಣೆ ಬೆರೆಸುವವರನ್ನು, ಸತ್ತವನ ಹೆಬ್ಬೆಟ್ಟು ಒತ್ತಿಸಿಕೊಂಡವರನ್ನು. ಮಗಳು ತನ್ನದೇ ತಪ್ಪೆಂದು ಅಳುವಾಗ ಅವಳ ತಲೆ ಸವರುತ್ತ ಹೌದೆನ್ನುವಂತೆ ಕೂತ ಆ ಮನುಷ್ಯನಿಗಿಂತ ಕೀಳಾದವರನ್ನು ನೋಡಿಲ್ಲ. ಜೇಬಿನಿಂದ ತುಂಡು ತೆಗೆದು ಮಂಚದ ಪಕ್ಕದ ಮೇಜಿನ ಮೇಲೆ ಇಟ್ಟೆ. ಅದು ಏನು, ಎಲ್ಲಿಯದು, ಯಾವಾಗಿನದು, ಯಾರು ಹಾಕಿಸಿದರು ಎಂದು ಒಂದೊಂದಾಗಿ ಹೇಳಿದೆ.

ಕಾಕಾರ ಮುಖದಲ್ಲಿ ಏನೂ ಕದಲಲಿಲ್ಲ. "ಶೆಡ್ ಇಂವಂದು, ಆಳು ಇಂವನವ್ರು, ಬಣ್ಣ ಇಂವಂದು. ಈಗ ನನ್ನ ಮ್ಯಾಲ ಹಾಕಾಕತ್ತಾನ" ಎಂದು ನೆಂಟರ ಕಡೆ ತಿರುಗಿ ಹೇಳಿದರು.

ಮಗಳು ಅಪ್ಪನ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದಳು. ಅಳು ನಿಂತಿತ್ತು.

"ಹಬ್ಬದ ದಿನ ನಾ ಕೇಳ್ದಾಗ ನಿಮಗ ಗೊತ್ತಿತ್ತೇನು?"

"ಗೊತ್ತಿತ್ತವಾ."

ಅವಳು ಕಣ್ಣು ಮುಚ್ಚಿಕೊಂಡಳು. ಇಬ್ಬರೂ ಹೊರಗೆ ಹೋಗಿ ಎಂದಳು. ನಾವಿಬ್ಬರೂ ಎದ್ದು ಹೊರಬಂದೆವು. ಆಸ್ಪತ್ರೆಯ ಉದ್ದದ ಪಡಸಾಲೆಯಲ್ಲಿ ಅವರು ಒಂದು ಕಡೆಯ ಬೆಂಚಿನಲ್ಲಿ ಕೂತರು, ನಾನು ಇನ್ನೊಂದು ಕಡೆಯದರಲ್ಲಿ.

ಅದರ ಮುಂದೆ ಕಾಕಾ ನನ್ನ ಶೆಡ್ಡಿಗೆ ಬರಲಿಲ್ಲ. ಓಣಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದರು. ನಾನೂ ಹಾಗೆಯೇ. ಅವರ ತಂದೆಯ ಜೀಪನ್ನು ನಾನು ಹಾಳು ಮಾಡಿದೆ ಎಂಬ ಕಥೆ ಊರಲ್ಲಿ ಚೆನ್ನಾಗಿ ಓಡಿತು. ಹೇಳುವವರ ಬಾಯಿ ಅಂಥದ್ದು. ಒಂದಿಬ್ಬರು ಗಿರಾಕಿಗಳು ಬಿಟ್ಟುಹೋದರು. ನಾನು ಸುಳ್ಳೆಂದು ಎಲ್ಲೂ ವಾದಿಸಲಿಲ್ಲ, ಏಕೆಂದರೆ ಅದರಲ್ಲಿ ಅರ್ಧ ಸುಳ್ಳಾಗಿರಲಿಲ್ಲ. ಮಗಳ ಕೈಗೆ ಮೂರು ಸಲ ಶಸ್ತ್ರಕ್ರಿಯೆಯಾಯಿತು. ಮೊಣಕೈ ಪೂರ್ತಿ ನೆಟ್ಟಗಾಗಲಿಲ್ಲ. ಹೆರಿಗೆ ಮಾಡಿಸುವ ಕೆಲಸ ಬಿಟ್ಟು ಕಚೇರಿಯಲ್ಲಿ ಲಸಿಕೆಯ ಕಾಗದಪತ್ರ ನೋಡುವ ಜಾಗಕ್ಕೆ ಹೋದಳೆಂದು ಕೇಳಿದೆ.

ಹೋದ ವರ್ಷ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಕಡೆಯ ನಾಲ್ಕು ತಿಂಗಳು ಗಡಹಿಂಗ್ಲಜದಲ್ಲಿ ಮಗಳೇ ನೋಡಿಕೊಂಡಿದ್ದಳು. ಮಣ್ಣು ಮಾಡಲು ಇಚಲಕರಂಜಿಗೆ ತಂದರು. ನಾನು ಹೋಗಿ ಎಲ್ಲರ ಹಿಂದೆ ನಿಂತೆ. ಇಸ್ತ್ರಿ ಅಂಗಿ ತೊಡಿಸಿ ಕೂಡಿಸಿದ್ದರು. ಮಗಳು ಎಡಗೈಯಿಂದ ಮಣ್ಣು ಹಾಕಿದಳು. ಎಡಗೈ ಯಾಕೆ ಎಂದು ಸ್ವಾಮಿಗಳು ಗದರಿದಾಗ ಅವಳು ಇನ್ನೊಂದು ಹಿಡಿಯನ್ನೂ ಅದೇ ಕೈಯಿಂದ ಹಾಕಿದಳು. ನನ್ನ ಕಣ್ಣಲ್ಲಿ ನೀರು ಬರಲಿಲ್ಲ. ಬರಬಾರದೆಂದು ಹಲ್ಲು ಕಚ್ಚಿಕೊಂಡಿದ್ದು ಮಾತ್ರ ನಿಜ.

ಹೋದ ತಿಂಗಳು ಅವಳು ಮನೆ ಮಾರಲು ಬಂದಿದ್ದಳು. ಸಾಮಾನೆಲ್ಲ ಟೆಂಪೋಕ್ಕೆ ಏರಿಸಿದ ಮೇಲೆ ಓಣಿ ದಾಟಿ ನಮ್ಮ ಬಾಗಿಲಿಗೆ ಬಂದಳು. ಆರು ವರ್ಷದ ಮೇಲೆ. ಒಳಗೆ ಬಾ ಎಂದೆ, ಬರಲಿಲ್ಲ. ಹೊಸ್ತಿಲ ಹೊರಗೇ ನಿಂತು ಕೇಳಿದಳು.

"ನಮ್ಮಪ್ಪ ನಿಮ್ಮ ಮುಂದರ ಯಾವಾಗರ ಒಪ್ಪಿಕೊಂಡಿದ್ನೇನು? ತಪ್ಪಾತು ಅಂತ ಒಂದ್ ಮಾತು?"

ಅವಳ ಮುಖ ನೋಡಿದೆ. ಹೂಂ ಎಂದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ಎದ್ದು ಬಂದು ಅತ್ತರು ಎಂದೋ, ಒಂದು ಸಂಜೆ ಶೆಡ್ಡಿನ ಬಾಗಿಲ ತನಕ ಬಂದು ಹೇಳಿಹೋದರು ಎಂದೋ ಹೇಳಬಹುದಿತ್ತು. ಸತ್ತವರು ಇಲ್ಲವೆನ್ನಲು ಬರುವುದಿಲ್ಲ. ಆ ಮಾತು ಅವಳಿಗೆ ಎಷ್ಟು ಬೇಕಾಗಿತ್ತೆಂಬುದು ಕಾಣುತ್ತಿತ್ತು.

"ಇಲ್ಲವಾ. ಒಮ್ಮೆನೂ ಅನ್ನಲಿಲ್ಲ" ಎಂದೆ.

ಅವಳು ತಲೆ ಆಡಿಸಿದಳು. "ನನ್ನ ಮುಂದೂ ಅನ್ನಲಿಲ್ಲ. ನೀವು ಹೂಂ ಅಂತೀರಿ ಅಂದ್ಕೊಂಡಿದ್ನಿ" ಎಂದಳು. "ಬರ್ತೇನ್ರಿ" ಎಂದು ಹೋದಳು.

ಎದುರು ಮನೆಗೆ ಈಗ ಮಗ್ಗದ ಭಾಗಗಳ ವ್ಯಾಪಾರಿಯೊಬ್ಬರು ಬಂದಿದ್ದಾರೆ. ಮೊನ್ನೆ ಮಾತಾಡಿಸಿದೆ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಕಾಕಾರನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ವಿಚಾರವೂ ಇಲ್ಲ. ಅಷ್ಟು ಹಗುರ ಮನುಷ್ಯನನ್ನು ನಾನು ಇನ್ನೊಮ್ಮೆ ಕಂಡಿಲ್ಲ. ಆದರೆ ನನ್ನ ಹೇಡಿತನವನ್ನು ಪೂರ್ತಿ ಬಲ್ಲವರು ಜಗತ್ತಿನಲ್ಲಿ ಇಬ್ಬರೇ ಇದ್ದರು. ಒಬ್ಬರು ಸತ್ತರು, ಇನ್ನೊಬ್ಬಳು ಇನ್ನು ಈ ಓಣಿಗೆ ಬರುವುದಿಲ್ಲ.